‘ತ್ಸೋ’: ಚೀನೀ ಭಾಷೆಯ ಒಂದು ಕ್ರಿಯಾಪದವನ್ನು ಕನ್ನಡದ ದಾರಿಯಲ್ಲಿ ಕಲಿಯುವ ಬಗೆ

ಚೀನೀ ಕಲಿಯಲು ಕುಳಿತವರಿಗೆ ಮೊದಲ ಕೆಲವು ಪಾಠಗಳಲ್ಲೇ ‘ತ್ಸೋ’ ಎದುರಾಗುತ್ತದೆ. ಪಠ್ಯಪುಸ್ತಕದಲ್ಲಿ ಅದರ ಪಕ್ಕಕ್ಕೆ ‘ನಡೆ’ ಎಂಬರ್ಥದ ಒಂದು ಇಂಗ್ಲಿಷ್ ಪದ ಇರುತ್ತದೆ, ಅಷ್ಟೇ. ಅದನ್ನು ನಂಬಿಕೊಂಡು ಮುಂದೆ ಹೋದವರಿಗೆ ಬೇಗನೆ ತಲೆ ಕೆಡುತ್ತದೆ. ಟ್ಯಾಕ್ಸಿ ಚಾಲಕ ‘ಹೇಗೆ ತ್ಸೋ?’ ಎಂದು ಕೇಳುತ್ತಾನೆ, ಕಾರಿನಲ್ಲಿ ಕುಳಿತವರು ನಡೆಯುವುದೆಲ್ಲಿ? ಕೈಗಡಿಯಾರ ತ್ಸೋ ಮಾಡುವುದನ್ನು ನಿಲ್ಲಿಸುತ್ತದೆ. ಪಕ್ಕದ ಮನೆಯ ಅಜ್ಜ ತ್ಸೋ ಆದರೆಂದು ಜನ ದನಿ ತಗ್ಗಿಸಿ ಹೇಳುತ್ತಾರೆ. ಕಳ್ಳಸಾಗಣೆಯಲ್ಲೂ ತ್ಸೋ ಇದೆ, ಶ್ರುತಿ ತಪ್ಪಿದ ಹಾಡಿನಲ್ಲೂ ಇದೆ.

ಇವನ್ನೆಲ್ಲ ಬೇರೆ ಬೇರೆ ಅರ್ಥಗಳೆಂದು ಪಟ್ಟಿ ಮಾಡಿ ಬಾಯಿಪಾಠ ಮಾಡುವುದು ವ್ಯರ್ಥ ಶ್ರಮ ಎಂಬುದು ನನ್ನ ಅಭಿಪ್ರಾಯ. ಒಂದು ಸೂತ್ರ ಹಿಡಿದರೆ ಮುಕ್ಕಾಲು ಪಾಲು ಬಳಕೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ತ್ಸೋ ಎಂಬುದು ಬಿಟ್ಟು ಹೊರಟ ಜಾಗವನ್ನು ನೋಡುತ್ತದೆ, ಹಿಡಿದ ದಾರಿಯನ್ನು ನೋಡುತ್ತದೆ. ಮುಟ್ಟಬೇಕಾದ ಊರನ್ನು ಮಾತ್ರ ನೋಡುವುದಿಲ್ಲ. ಇನ್ನೊಂದು ಮಾತು: ಈ ಪದವನ್ನು ಇಂಗ್ಲಿಷಿನ ಮೂಲಕ ಕಲಿಯುವುದಕ್ಕಿಂತ ನೇರ ಕನ್ನಡದಿಂದ ಕಲಿಯುವುದು ಸುಲಭ. ನಮ್ಮ ‘ನಡೆ’, ‘ಹೊರಡು’, ‘-ಕೊಂಡು ಹೋಗು’ಗಳ ನಡುವೆ ತ್ಸೋ ಅಡಗಿ ಕುಳಿತಿದೆ.

ಬರವಣಿಗೆಯ ಬಗ್ಗೆ ಒಂದು ಸೂಚನೆ. ಇಲ್ಲಿ ಚೀನೀ ಎಂದರೆ ಬೀಜಿಂಗ್ ಉಚ್ಚಾರಣೆಯನ್ನು ಆಧರಿಸಿದ ಪ್ರಮಾಣ ಮ್ಯಾಂಡರಿನ್. ರೋಮನ್ ಲಿಪಿಯ ಕಾಗುಣಿತಕ್ಕೆ ಬದಲು ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದಿದ್ದೇನೆ. ಪ–ಫ, ತ–ಥ, ಕ–ಖ, ಚ–ಛ ಜೋಡಿಗಳನ್ನು ಅಲ್ಪಪ್ರಾಣ–ಮಹಾಪ್ರಾಣ ಎಂದೇ ಓದಿ. ಚೀನೀಯಲ್ಲಿ ಇರುವ ಭೇದವೂ ಅದೇ, ಆದ್ದರಿಂದ ನಮ್ಮ ವರ್ಣಮಾಲೆ ಇಲ್ಲಿ ರೋಮನ್ ಲಿಪಿಗಿಂತ ಪ್ರಾಮಾಣಿಕ. ಬೀಜಿಂಗ್‌ನವರು ತಮ್ಮ ಊರನ್ನು ‘ಪೇಯ್‌ಚಿಂಗ್’ ಎನ್ನುವುದು ಹೀಗೆ ಬರೆದಾಗಲೇ ಕಿವಿಗೆ ಬೀಳುತ್ತದೆ. ಚ, ಛ ಎಂದು ಬರೆದ ಕಡೆ ಚೀನೀಯಲ್ಲಿ ನಾಲಿಗೆ ಮಡಿಸುವ, ಮಡಿಸದ ಎರಡು ಬಗೆಗಳಿವೆ. ಅದನ್ನು ಕಿವಿಯಿಂದಲೇ ಕಲಿಯಬೇಕು.

ಹಂತ 1: ನಾಲಿಗೆಗೆ ಒಗ್ಗಿಸಿಕೊಳ್ಳಿ

‘ಉತ್ಸವ’ದ ‘ತ್ಸ’ವನ್ನು ಪದದ ಆರಂಭಕ್ಕೆ ತನ್ನಿ. ಉಸಿರು ಹೊರಗೆ ನುಗ್ಗಬಾರದು. ಅದಕ್ಕೆ ‘ಓ’ ಸೇರಿಸಿ, ಕೊನೆಯಲ್ಲಿ ತುಟಿಯನ್ನು ‘ಉ’ ಕಡೆಗೆ ಸ್ವಲ್ಪ ದುಂಡಗೆ ಮಾಡಿ ನಿಲ್ಲಿಸಿ. ‘ಜೋ’ ಎಂದರೆ ತಪ್ಪು, ‘ಝೌ’ ಇನ್ನೂ ತಪ್ಪು.

ಚೀನೀಯಲ್ಲಿ ದನಿಯ ಏರಿಳಿತ ಬದಲಾದರೆ ಪದವೇ ಬದಲಾಗುತ್ತದೆ. ಅಂಥ ನಾಲ್ಕು ಸ್ವರಮಟ್ಟಗಳಲ್ಲಿ ತ್ಸೋದ್ದು ಮೂರನೆಯದು. ಒಂಟಿಯಾಗಿ ಹೇಳುವಾಗ ದನಿ ಕೆಳಗಿಳಿದು ತುದಿಯಲ್ಲಿ ಕೊಂಚ ಏಳುತ್ತದೆ. ವಾಕ್ಯದ ನಡುವೆ ಏಳುವ ಪುರಸೊತ್ತು ಇರುವುದಿಲ್ಲ, ತಗ್ಗಿನಲ್ಲೇ ಉಳಿಯುತ್ತದೆ. ‘ತ್ಸೋಲು’ (ನಡೆಯುವುದು, ‘ಲು’ ಎಂದರೆ ದಾರಿ) ಎನ್ನುವಾಗ ತ್ಸೋ ತಗ್ಗು, ಲು ಮೇಲಿನಿಂದ ಕೆಳಕ್ಕೆ ಬೀಳುವ ಏಟು. ಎರಡು ಮೂರನೇ ಮಟ್ಟಗಳು ಅಕ್ಕಪಕ್ಕ ಬಂದರೆ ಮೊದಲನೆಯದು ಏರುದನಿಯಾಗುತ್ತದೆ. ‘ವೊ ತ್ಸೋ ಲ’ (ನಾನು ಹೊರಟೆ) ಎನ್ನುವಾಗ ‘ವೊ’ ಮೇಲಕ್ಕೆ ಏರಬೇಕು.

ಇದಕ್ಕೆ ಒಳ್ಳೆಯ ಅಭ್ಯಾಸ ‘ವಾಂಗ್ ತ್ಸ್ವೊ ತ್ಸೋ’, ಎಂದರೆ ‘ಎಡಕ್ಕೆ ಹೋಗಿ’. ಮೂರೂ ಮೂರನೇ ಮಟ್ಟದ ಪದಗಳು, ಆದ್ದರಿಂದ ಮೊದಲೆರಡು ಏರಿ ಕೊನೆಯದು ಮಾತ್ರ ತಗ್ಗಿಗಿಳಿಯುತ್ತದೆ. ಜತೆಗೆ ‘ತ್ಸ್ವೊ’ (ಎಡ) ಮತ್ತು ‘ತ್ಸೋ’ ನಾಲಿಗೆಯನ್ನು ತೊಡರಿಸಲೆಂದೇ ಹುಟ್ಟಿದ ಜೋಡಿ. ದಾರಿ ಕೇಳಿದಾಗಲೆಲ್ಲ ಉತ್ತರದಲ್ಲಿ ಈ ಎರಡೂ ಬರುತ್ತವೆ, ತಪ್ಪಿಸಿಕೊಳ್ಳುವಂತಿಲ್ಲ.

ಹಂತ 2: ಅಕ್ಷರದೊಳಗಿನ ಓಟಗಾರನನ್ನು ನೋಡಿ

ತ್ಸೋ ಬರೆಯುವ ಅಕ್ಷರ 走. ಇದಕ್ಕೆ ಏಳು ಗೆರೆಗಳು. ಅಡ್ಡ, ಉದ್ದ, ಮತ್ತೊಂದು ಅಡ್ಡ. ಅದರ ಕೆಳಗೆ ಚಿಕ್ಕ ಉದ್ದ, ಚಿಕ್ಕ ಅಡ್ಡ, ಎಡಕ್ಕೆ ಜಾರುವ ಗೆರೆ, ಬಲಕ್ಕೆ ಹರಡುವ ಗೆರೆ. ಮೇಲಿನ ಮೂರು ಗೆರೆ ನೋಡಿದರೆ ‘ಮಣ್ಣು’ ಎಂಬ ಅಕ್ಷರದಂತೆ ಕಾಣುತ್ತದೆ. ‘ಮಣ್ಣಿನ ಮೇಲೆ ಕಾಲಿಟ್ಟು ನಡೆಯುವುದು’ ಎಂದು ಕಥೆ ಕಟ್ಟುವವರೂ ಇದ್ದಾರೆ. ನೆನಪಿಗೆ ಅನುಕೂಲವಾದರೂ ಅದು ನಿಜವಲ್ಲ. ಪ್ರಾಚೀನ ಕಂಚಿನ ಪಾತ್ರೆಗಳ ಬರಹದಲ್ಲಿ ಮೇಲ್ಭಾಗ ತೋಳು ಬೀಸುತ್ತಿರುವ ಮನುಷ್ಯ, ಕೆಳಭಾಗ ಪಾದ. ತೋಳು ಹಾಗೆ ಬೀಸುವುದು ಓಡುವವನು.

ಹೌದು, ಹಳೆಯ ಚೀನೀಯಲ್ಲಿ ತ್ಸೋ ಎಂದರೆ ಓಡು, ಪಲಾಯನ ಮಾಡು. ನಡೆಯುವುದಕ್ಕೆ ‘ಶಿಂಗ್’ ಎಂಬ ಬೇರೆ ಪದವಿತ್ತು. ಪ್ರಾಚೀನ ಚೀನೀ ತತ್ವಜ್ಞಾನಿ ಮೆನ್ಸಿಯಸ್ ಒಬ್ಬ ಅರಸನಿಗೆ ಹೇಳಿದ ದೃಷ್ಟಾಂತ ಚೀನಾದಲ್ಲಿ ಮಕ್ಕಳಿಗೂ ಗೊತ್ತು: ಯುದ್ಧದಿಂದ ಐವತ್ತು ಹೆಜ್ಜೆ ಓಡಿದ ಸೈನಿಕ, ನೂರು ಹೆಜ್ಜೆ ಓಡಿದವನನ್ನು ನೋಡಿ ನಕ್ಕನಂತೆ. ಕವಚ ಬಿಸುಟು ಅವರು ಓಡಿದ್ದಕ್ಕೆ ಮೂಲದಲ್ಲಿರುವ ಕ್ರಿಯಾಪದ ತ್ಸೋ. ಮುಂದೆ ಓಟದ ಕೆಲಸವನ್ನು ‘ಫಾವ್’ ಎಂಬ ಪದ ವಹಿಸಿಕೊಂಡಿತು, ತ್ಸೋ ನಿಧಾನಗೊಂಡು ನಡಿಗೆಗೆ ಇಳಿಯಿತು. ಜಪಾನೀಯರು ಇದೇ ಅಕ್ಷರವನ್ನು ಇಂದಿಗೂ ‘ಓಡು’ ಎಂಬರ್ಥಕ್ಕೆ ಬರೆಯುತ್ತಾರೆ. ಹಾಂಗ್‌ಕಾಂಗ್ ಮತ್ತು ಗ್ವಾಂಗ್‌ಝೌ ಕಡೆಯ ಕ್ಯಾಂಟನೀಸ್‌ನಲ್ಲಿ ನಡೆಯುವುದಕ್ಕೆ ಈಗಲೂ ಹಳೆಯ ‘ಶಿಂಗ್’ ಅಕ್ಷರವೇ, ಅವರ ಉಚ್ಚಾರಣೆಯಲ್ಲಿ ‘ಹಾಂಗ್’.

ಈ ಹಿನ್ನೆಲೆಯಿಂದ ಎರಡು ಲಾಭಗಳಿವೆ. ‘ತ್ಸೋ’ದಲ್ಲಿ ‘ಬಿಟ್ಟು ಹೋಗು’ ಎಂಬ ಅರ್ಥ ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ, ಪಲಾಯನವೆಂದರೆ ಬಿಟ್ಟು ಹೋಗುವುದೇ ತಾನೆ. ‘ಮೂವತ್ತಾರು ತಂತ್ರಗಳಲ್ಲಿ ತ್ಸೋ ಎಲ್ಲಕ್ಕಿಂತ ಮೇಲು’ ಎಂಬ ಗಾದೆಯಲ್ಲಿ ಆ ಹಳೆಯ ಅರ್ಥ ಹಾಗೇ ಉಳಿದಿದೆ: ಗೆಲ್ಲಲಾಗದಿದ್ದರೆ ಕಾಲ್ಕೀಳು. ಎರಡನೆಯ ಲಾಭ, ಬೇರೆ ಅಕ್ಷರಗಳ ಎಡಬದಿಯಲ್ಲಿ ಇದನ್ನು ಗುರುತಿಸಬಹುದು. ಕೊನೆಯ ಗೆರೆಯನ್ನು ಬಲಕ್ಕೆ ಉದ್ದವಾಗಿ ಚಾಚಿ, ಅದರ ಮೇಲೆ ಇನ್ನೊಂದು ಭಾಗವನ್ನು ಕೂರಿಸಿರುತ್ತಾರೆ. ಎದ್ದೇಳು, ಬೆನ್ನಟ್ಟು, ಹಿಂದಿಕ್ಕು, ದಾಟು ಎಂಬರ್ಥದ ಅಕ್ಷರಗಳು ಹೀಗೆಯೇ ಇವೆ. ಚೀನಾದ ಯಾವ ಬೀದಿಯಲ್ಲಾದರೂ ಕಾಣುವ ಸೂಪರ್‌ಮಾರ್ಕೆಟ್ ಫಲಕದ ಮೊದಲ ಅಕ್ಷರವೂ ಇದೇ ಗುಂಪಿನದು.

ಹಂತ 3: ‘ಛ್ಯು’ ಬೇರೆ, ‘ತ್ಸೋ’ ಬೇರೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲೇ. ಚೀನೀಯಲ್ಲಿ ‘ಹೋಗು’ ಎಂಬುದಕ್ಕೆ ‘ಛ್ಯು’ ಎಂಬ ಇನ್ನೊಂದು ಪದವಿದೆ (ತುಟಿ ದುಂಡಗೆ ಮಾಡಿ ‘ಈ’ ಎಂದರೆ ಆ ಸ್ವರ ಬರುತ್ತದೆ). ಛ್ಯು ಮುಟ್ಟುವ ಜಾಗವನ್ನು ನೋಡುತ್ತದೆ. ‘ವೊ ಛ್ಯು ಪೇಯ್‌ಚಿಂಗ್’, ನಾನು ಬೀಜಿಂಗ್‌ಗೆ ಹೋಗುತ್ತೇನೆ. ಇದೇ ಜಾಗದಲ್ಲಿ ‘ವೊ ತ್ಸೋ ಪೇಯ್‌ಚಿಂಗ್’ ಎಂದರೆ ವಾಕ್ಯ ಕೆಡುತ್ತದೆ. ತ್ಸೋಗೆ ಊರು ಗೊತ್ತಿಲ್ಲ. ಊರಿನ ಹೆಸರು ಬಾಯಿಗೆ ಬಂತೆಂದರೆ ಕೈ ಛ್ಯು ಕಡೆ ಚಾಚಬೇಕು.

ಎರಡೂ ಒಂದೇ ವಾಕ್ಯದಲ್ಲಿ ಕೂತು ಕೆಲಸ ಹಂಚಿಕೊಳ್ಳುವುದನ್ನು ನೋಡಬೇಕಾದರೆ ಈ ಪ್ರಶ್ನೆ ಸಾಕು: ‘ಛ್ಯು ಹ್ವೊಛಚಾನ್ ತ್ಸನ್‌ಮ ತ್ಸೋ?’ ಹ್ವೊಛಚಾನ್ ಎಂದರೆ ರೈಲು ನಿಲ್ದಾಣ, ತ್ಸನ್‌ಮ ಎಂದರೆ ಹೇಗೆ. ರೈಲು ನಿಲ್ದಾಣಕ್ಕೆ ಹೋಗಲು ಯಾವ ದಾರಿ? ನಿಲ್ದಾಣವನ್ನು ಛ್ಯು ಹೊತ್ತುಕೊಂಡಿದೆ, ದಾರಿಯನ್ನು ತ್ಸೋ. ಪ್ರವಾಸಕ್ಕೆ ಹೋಗುವವರು ಒಂದೇ ವಾಕ್ಯ ಕಲಿಯುವುದಾದರೆ ಇದನ್ನು ಕಲಿಯಲಿ, ನಿಲ್ದಾಣದ ಜಾಗದಲ್ಲಿ ಬೇಕಾದುದನ್ನು ಇಟ್ಟುಕೊಳ್ಳಬಹುದು. ನಡೆದೇ ಹೋಗಬೇಕೆಂಬ ಸೂಚನೆ ಇದರಲ್ಲಿ ಇಲ್ಲವೇ ಇಲ್ಲ. ಟ್ಯಾಕ್ಸಿ ಚಾಲಕ ‘ತ್ಸನ್‌ಮ ತ್ಸೋ?’ ಎಂದಾಗ ಯಾವ ರಸ್ತೆಯಲ್ಲಿ ಹೋಗಲಿ ಎಂದು ಕೇಳುತ್ತಿರುತ್ತಾನೆ. ‘ತ್ಸೋ ಕಾವ್‌ಸು’ ಎಂದರೆ ಹೆದ್ದಾರಿ ಹಿಡಿಯಿರಿ. ‘ತ್ಸೋ ಲೋಥಿ’ ಎಂದರೆ ಲಿಫ್ಟ್ ಬಿಟ್ಟು ಮೆಟ್ಟಿಲ ದಾರಿ.

ಹೀಗೆ ತ್ಸೋ ಮುಂದೆ ನೇರವಾಗಿ ಬರುವ ನಾಮಪದ ಸಾಮಾನ್ಯವಾಗಿ ದಾರಿಯೇ. ಅಪವಾದವೆಂದು ತೋರುವ ಕಡೆಯೂ ಕೆದಕಿ ನೋಡಿದರೆ ದಾರಿಯೇ ಸಿಗುತ್ತದೆ. ಛಿಂಗ್ ರಾಜವಂಶದ ಕಾಲದಲ್ಲಿ ಷಾನ್‌ಶಿ ಪ್ರಾಂತದ ಬಡ ರೈತರು ಮಹಾಗೋಡೆಯ ಕಣಿವೆ ಬಾಗಿಲು ದಾಟಿ ಇಂದಿನ ಒಳ ಮಂಗೋಲಿಯಾ ಕಡೆಗೆ ಗುಳೆ ಹೋದರು. ಆ ದೊಡ್ಡ ವಲಸೆಯ ಹೆಸರು ‘ತ್ಸೋ ಶೀಖೋ’, ಪಶ್ಚಿಮದ ಬಾಗಿಲಿನ ದಾರಿ ಹಿಡಿಯುವುದು. ಶೀಖೋ ಅವರು ಹಾದುಹೋದ ಬಾಗಿಲು, ಹೋಗಿ ನೆಲೆಸಿದ ಊರಲ್ಲ. ಹೊಸ ವರ್ಷದ ಹಬ್ಬದಲ್ಲಿ ನೆಂಟರ ಮನೆಗಳಿಗೆ ಹಣ್ಣು, ಸಿಹಿ ಹಿಡಿದುಕೊಂಡು ಹೋಗುವುದು ‘ತ್ಸೋ ಛಿನ್‌ಛಿ’. ಅದೂ ಒಂದು ಮನೆಯಿಂದ ಇನ್ನೊಂದಕ್ಕೆ ಸುತ್ತುವ ಸುತ್ತು.

ಹಾಗಾದರೆ ನಡೆದು ಒಂದು ಜಾಗ ತಲುಪಿದ್ದನ್ನು ಹೇಳುವುದು ಹೇಗೆ? ‘ತಾವ್’ (ತಲುಪು) ಸೇರಿಸಿ: ‘ತ್ಸೋತಾವ್ ಹ್ವೊಛಚಾನ್’, ನಿಲ್ದಾಣದವರೆಗೆ ನಡೆ. ಬಿಟ್ಟ ಊರಿನ ಹೆಸರನ್ನೇ ಹೇಳಬೇಕೆಂದರೆ ‘ಲೀಖಾಯ್’ ಎಂಬ ಬೇರೆ ಪದವಿದೆ: ‘ಲೀಖಾಯ್ ಪೇಯ್‌ಚಿಂಗ್’, ಬೀಜಿಂಗ್ ಬಿಡು. ತ್ಸೋ ಬಿಟ್ಟು ಹೋಗುವುದನ್ನು ಹೇಳಿದರೂ ಬಿಟ್ಟ ಜಾಗದ ಹೆಸರನ್ನು ಕರ್ಮವಾಗಿ ತೆಗೆದುಕೊಳ್ಳುವುದಿಲ್ಲ.

ಹಂತ 4: ‘ಲ’ ಬಂದಾಗ ಎಚ್ಚರ

ಕ್ರಿಯೆ ಮುಗಿದಿದ್ದನ್ನೋ ಪರಿಸ್ಥಿತಿ ಬದಲಾಗಿದ್ದನ್ನೋ ತೋರಿಸುವ ಪುಟ್ಟ ಪದ ‘ಲ’. ‘ಥಾ ತ್ಸೋ ಲ’ ಎಂದರೆ ‘ಅವನು ನಡೆದ’ ಅಲ್ಲ, ‘ಅವನು ಹೊರಟುಹೋದ’. ನಡೆದನೆಂದು ಹೇಳಬೇಕಾದರೆ ಎಷ್ಟು ಹೊತ್ತು, ಎಷ್ಟು ದೂರ ಎಂಬುದನ್ನು ಜೋಡಿಸಬೇಕು: ‘ಥಾ ತ್ಸೋ ಲ ಯೀ ಕ ಶ್ಯಾವ್‌ಷ’, ಅವನು ಒಂದು ಗಂಟೆ ನಡೆದ. ಇದೇ ವಾಕ್ಯದ ಕೊನೆಗೆ ಇನ್ನೊಂದು ‘ಲ’ ಬಿದ್ದರೆ ತಮಾಷೆ ಶುರು. ‘ಒಂದು ಗಂಟೆಯಿಂದ ನಡೆಯುತ್ತಿದ್ದಾನೆ’ ಎಂದೂ ಆಗಬಹುದು, ‘ಅವನು ಹೋಗಿ ಒಂದು ಗಂಟೆಯಾಯಿತು’ ಎಂದೂ ಆಗಬಹುದು. ಚೀನೀಯರೂ ಇದನ್ನು ಸಂದರ್ಭದಿಂದಲೇ ಬಿಡಿಸಿಕೊಳ್ಳುತ್ತಾರೆ. ಗುಡ್ಡ ಹತ್ತುವಾಗ ಹೇಳಿದರೆ ಮೊದಲ ಅರ್ಥ, ಯಾರನ್ನೋ ಹುಡುಕಿಕೊಂಡು ಕಚೇರಿಗೆ ಬಂದವರಿಗೆ ಹೇಳಿದರೆ ಎರಡನೆಯದು.

ನಿಷೇಧ ಸರಳ. ‘ಪು ತ್ಸೋ’, ಹೋಗುವುದಿಲ್ಲ. ‘ಮೇಯ್ ತ್ಸೋ’, ಇನ್ನೂ ಹೋಗಿಲ್ಲ. ‘ಪ್ಯೆ ತ್ಸೋ’, ಹೋಗಬೇಡ.

‘ತ್ಸೋತ್ಸೋ’ ಎಂದು ಎರಡು ಸಲ ಹೇಳಿದರೆ ಸುಮ್ಮನೆ ಒಂದಷ್ಟು ಅಡ್ಡಾಡಿ ಬರುವುದು; ಊಟದ ನಂತರದ ತಿರುಗಾಟಕ್ಕೆ ಇದೇ ಪದ. ‘ತ್ಸೋಚ ಛ್ಯು’ ಅಥವಾ ‘ತ್ಸೋಲು ಛ್ಯು’ ಎಂದರೆ ‘ನಡೆದುಕೊಂಡು ಹೋಗು’. ಕನ್ನಡದ ಪದಕ್ರಮವೂ ಅದೇ ಎಂಬುದನ್ನು ಗಮನಿಸಿ, ಮುಂದಿನ ಹಂತಕ್ಕೆ ಅದು ಬೇಕು.

ಹಂತ 5: ಹೇಗೆ ಮೊದಲು, ಎತ್ತ ಆಮೇಲೆ

ಚೀನೀ ಚಲನೆಯ ಕ್ರಿಯಾಪದಗಳ ಹಿಂದೆ ದಿಕ್ಕು ತೋರಿಸುವ ಪದಗಳು ಸಾಲುಗಟ್ಟುತ್ತವೆ. ‘ತ್ಸೋ ಚಿನ್ ಲಾಯ್’: ನಡೆ, ಒಳಗೆ, ಬಾ. ‘ತ್ಸೋ ಛು ಛ್ಯು’: ನಡೆ, ಹೊರಗೆ, ಹೋಗು. ‘ತ್ಸೋ ಹ್ವೇಯ್ ಛ್ಯು’: ನಡೆ, ಹಿಂದಿರುಗಿ, ಹೋಗು. ವ್ಯಾಕರಣ ಪುಸ್ತಕಗಳು ಇದಕ್ಕೆ ದೊಡ್ಡ ಹೆಸರು ಕೊಟ್ಟು ಹೆದರಿಸುತ್ತವೆ. ‘ನಡೆದು ಒಳಗೆ ಬಾ’, ‘ನಡೆದು ಹೊರಗೆ ಹೋಗು’ ಎಂದು ದಿನವೂ ಹೇಳುವ ನಮಗೆ ಹೆದರಿಕೆ ಏಕೆ? ಚಲನೆಯ ಬಗೆ ಮೊದಲು, ದಿಕ್ಕು ನಂತರ, ಮಾತಾಡುವವನ ಕಡೆಗೋ ಆಚೆಗೋ ಎಂಬುದು ಕಡೆಗೆ. ಕನ್ನಡದಲ್ಲಿ ‘ಬಾ’ ಬರುವಲ್ಲಿ ‘ಲಾಯ್’, ‘ಹೋಗು’ ಬರುವಲ್ಲಿ ‘ಛ್ಯು’.

ಒಂದು ಕೊಂಡಿ ಮಾತ್ರ ಕನ್ನಡಕ್ಕೆ ಹೊಂದುವುದಿಲ್ಲ. ಜಾಗದ ಹೆಸರು ಬಂದರೆ ಅದು ಲಾಯ್, ಛ್ಯುಗಳ ಮುಂಚೆ ನುಸುಳಬೇಕು. ತರಗತಿಯೊಳಗೆ ನಡೆದು ಬರುವುದು ‘ತ್ಸೋ ಚಿನ್ ಚ್ಯಾವ್‌ಷ ಲಾಯ್’. ಚ್ಯಾವ್‌ಷ (ತರಗತಿ) ಕೊನೆಗೆ ಹೋಗಿ ಕೂತರೆ ತಪ್ಪು.

ತ್ಸೋ ತಾನೇ ಬೇರೆ ಕ್ರಿಯಾಪದದ ಬಾಲವಾಗುವುದೂ ಉಂಟು. ಆಗ ಅದು ‘ಇಲ್ಲಿಂದ ಆಚೆಗೆ’ ಎಂಬ ಅರ್ಥ ಕೊಡುತ್ತದೆ. ‘ನಾತ್ಸೋ’ ತೆಗೆದುಕೊಂಡು ಹೋಗು, ‘ಚ್ಯೆತ್ಸೋ’ ಎರವಲು ತೆಗೆದುಕೊಂಡು ಹೋಗು, ‘ಥೋತ್ಸೋ’ ಕದ್ದುಕೊಂಡು ಹೋಗು, ‘ಪಾನ್‌ತ್ಸೋ’ ಮನೆ ಖಾಲಿ ಮಾಡಿಕೊಂಡು ಹೋಗು. ನಮ್ಮ ‘-ಕೊಂಡು ಹೋಗು’ ಇದ್ದಲ್ಲೆಲ್ಲ ಒಮ್ಮೆ ತ್ಸೋ ಇಟ್ಟು ನೋಡಿ, ಬಹುಪಾಲು ಸರಿಯಾಗಿ ಕೂರುತ್ತದೆ. ತಿಂಡಿ ಅಂಗಡಿಯಲ್ಲಿ ಹುಡುಗಿ ಸರಸರನೆ ‘...ಛ, ಹಾಯ್‌ಷ ತಾಯ್‌ತ್ಸೋ?’ ಎಂದರೆ, ಇಲ್ಲೇ ತಿನ್ನುವಿರೋ ಕಟ್ಟಿಸಿಕೊಂಡು ಹೋಗುವಿರೋ ಎಂದು ಕೇಳುತ್ತಿದ್ದಾಳೆ. ಪ್ರಶ್ನೆಯ ಕೊನೆಯಲ್ಲಿ ‘ತಾಯ್‌ತ್ಸೋ’ ಕೇಳಿಸಿದರೆ ಸಾಕು, ಉಳಿದದ್ದು ಅರ್ಥವಾಗದಿದ್ದರೂ ಊಟ ಕೈಗೆ ಬರುತ್ತದೆ.

ಹಂತ 6: ಆಗದು ಎನ್ನುವ ಎರಡು ಬಗೆ

‘ತ್ಸೋ ಪು ತೊಂಗ್’ ಮತ್ತು ‘ತ್ಸೋ ಪು ಲ್ಯಾವ್’ ಎರಡಕ್ಕೂ ನಿಘಂಟು ‘ಹೋಗಲಾರೆ’ ಎಂದೇ ಬರೆಯಬಹುದು. ಮೊದಲನೆಯದರಲ್ಲಿ ಸೋತಿರುವುದು ಕಾಲು. ಮಹಾಗೋಡೆಯ ಮೆಟ್ಟಿಲು ಹತ್ತಿ ಅರ್ಧ ದಾರಿಯಲ್ಲಿ ಕುಳಿತವರು ‘ವೊ ತ್ಸೋ ಪು ತೊಂಗ್ ಲ’ ಎನ್ನುತ್ತಾರೆ, ಇನ್ನು ಒಂದು ಹೆಜ್ಜೆ ಇಡಲಾರೆ. ಎರಡನೆಯದರಲ್ಲಿ ಕಾಲು ಗಟ್ಟಿಯಾಗಿಯೇ ಇದೆ, ಅಡ್ಡ ಬಂದದ್ದು ಬೇರೇನೋ. ವಿಮಾನ ರದ್ದಾಯಿತು, ಕೆಲಸ ಮುಗಿಯಲಿಲ್ಲ, ಮಳೆ ಬಿಡಲಿಲ್ಲ: ‘ಚಿನ್‌ಥಿಯೆನ್ ತ್ಸೋ ಪು ಲ್ಯಾವ್’, ಇವತ್ತು ಹೊರಡಲಾಗುವುದಿಲ್ಲ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಮೊದಲನೆಯದನ್ನು ಹೇಳಿದರೆ ಗಾಲಿಕುರ್ಚಿ ತಂದಾರು.

ಹಂತ 7: ಕನ್ನಡದ ‘ನಡೆ’ಯನ್ನು ಎಲ್ಲಿಯವರೆಗೆ ನಂಬಬಹುದು

ಚದುರಂಗದಲ್ಲಿ ಪೂರಾ ನಂಬಬಹುದು. ನಮ್ಮಲ್ಲಿ ಕಾಯಿಗೆ ‘ನಡೆ’ ಇದೆ, ಅವರಲ್ಲಿ ತ್ಸೋ. ‘ಕಾಯ್ ನಿ ತ್ಸೋ ಲ’ ಎಂದರೆ ಈಗ ನಿನ್ನ ನಡೆ. ಗಡಿಯಾರದಲ್ಲೂ ನಂಬಬಹುದು: ‘ಪ್ಯಾವ್ ಪು ತ್ಸೋ ಲ’, ಕೈಗಡಿಯಾರ ನಿಂತಿದೆ.

ಸಭೆ ನಡೆಯಿತು, ಮದುವೆ ನಡೆಯಿತು, ಅಂಗಡಿ ನಡೆಸುತ್ತಾರೆ, ಇಲ್ಲೆಲ್ಲ ತ್ಸೋ ನಡೆಯುವುದಿಲ್ಲ. ಹಾಗೆಯೇ ‘ಆಗಬಹುದು’ ಎಂಬರ್ಥದ ‘ನಡೆಯುತ್ತದೆ’ ಕೂಡ ತ್ಸೋ ಅಲ್ಲ. ಅದಕ್ಕೆ ಚೀನೀಯರು ‘ಶಿಂಗ್’ ಎನ್ನುತ್ತಾರೆ, ಹಂತ 2ರಲ್ಲಿ ಬಂದ ಆ ಹಳೆಯ ‘ನಡೆ’ಯೇ. ‘ಶಿಂಗ್ ಪು ಶಿಂಗ್?’ ನಡೆಯುತ್ತದೆಯೋ ಇಲ್ಲವೋ? ‘ಶಿಂಗ್.’ ನಡೆಯುತ್ತದೆ. ಸಂಬಂಧವೇ ಇಲ್ಲದ ಎರಡು ಭಾಷೆಗಳು ನಡಿಗೆಯಿಂದ ಒಪ್ಪಿಗೆಗೆ ಇದೇ ದಾರಿ ಹಿಡಿದದ್ದನ್ನು ನೋಡಿದರೆ ಖುಷಿಯಾಗುತ್ತದೆ.

ನಾಯಿಯ ವಿಷಯದಲ್ಲಿ ಮಾತ್ರ ಜೋಕೆ. ನಾಯಿಯನ್ನು ವಾಕಿಂಗ್‌ಗೆ ಕರೆದುಕೊಂಡು ಹೋಗುವುದಕ್ಕೆ ‘ಲ್ಯೋ ಕೋ’ ಎನ್ನಬೇಕು. ‘ತ್ಸೋಕೋ’ ಎಂದರೆ ಬೈಗುಳ, ಯಾರದೋ ಬಾಲ ಹಿಡಿದ ಚೇಲಾ. ಅಲ್ಲಿನ ತ್ಸೋ ಹಳೆಯ ‘ಓಡು’: ಯಜಮಾನನ ಬೇಟೆಗಾಗಿ ಓಡುವ ನಾಯಿ. ಇಪ್ಪತ್ತನೇ ಶತಮಾನದಲ್ಲಿ ‘ಸಾಮ್ರಾಜ್ಯಶಾಹಿಯ ತ್ಸೋಕೋ’ ಎಂಬುದು ರಾಜಕೀಯ ಭಾಷಣಗಳ ಸವಕಲು ಪದವಾಗಿತ್ತು.

ಉಳಿದ ಜೋಡುನುಡಿಗಳನ್ನು ‘ಇರಬೇಕಾದ ಜಾಗ ಬಿಟ್ಟಿತು’ ಅಥವಾ ‘ಇಂಥ ದಾರಿ ಹಿಡಿಯಿತು’ ಎಂದು ಓದಿದರೆ ಸಾಕು. ‘ತ್ಸೋತ್ಯಾವ್’ ಶ್ರುತಿ ತಪ್ಪುವುದು, ‘ತ್ಸೋಷನ್’ ಪಾಠ ಕೇಳುತ್ತ ಮನಸ್ಸು ಎಲ್ಲೋ ಹೋಗುವುದು, ‘ತ್ಸೋಯಾಂಗ್’ ಆಕಾರ ಕೆಡುವುದು. ‘ತ್ಸೋಸ’ ಖಾಸಗಿ ದಾರಿ ಹಿಡಿಯುವುದು, ಎಂದರೆ ಕಳ್ಳಸಾಗಣೆ. ‘ತ್ಸೋ ಹೋಮನ್’ ಹಿಂಬಾಗಿಲ ದಾರಿ, ವಶೀಲಿ ಹಚ್ಚಿ ಕೆಲಸ ಮಾಡಿಸಿಕೊಳ್ಳುವುದು. ಇದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಹಂತ 8: ಬೀಳ್ಕೊಡುಗೆಯ ಮಾತು

‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು ಎಂದು ನಮ್ಮ ಮನೆಗಳಲ್ಲಿ ಹಿರಿಯರು ತಿದ್ದುತ್ತಾರೆ. ಚೀನೀಯರಿಗೆ ಆ ಅಳುಕಿಲ್ಲ, ‘ವೊ ತ್ಸೋ ಲ’ ಎಂದು ಎದ್ದುಬಿಡುತ್ತಾರೆ. ಉಳಿದವರು ಇನ್ನೂ ಕುಳಿತಿರುವಾಗ ಏಳುವುದಾದರೆ ‘ವೊ ಶಿಯೆನ್ ತ್ಸೋ ಲ’, ನಾನು ಮೊದಲು ಹೊರಡುತ್ತೇನೆ ಎನ್ನುವುದು ಮರ್ಯಾದೆ. ಮನೆಯವರು ಬಾಗಿಲಿಗೆ ಬಂದು ‘ಮಾನ್ ತ್ಸೋ’ ಎನ್ನುತ್ತಾರೆ. ಅಕ್ಷರಶಃ ‘ನಿಧಾನ ನಡೆ’. ನಮ್ಮ ‘ಹುಷಾರಾಗಿ ಹೋಗಿ ಬನ್ನಿ’ ಇದ್ದಂತೆ. ಕಾರಿನಲ್ಲಿ ಹೊರಟವರಿಗೂ ಅದೇ, ಅಂಗಡಿಯಿಂದ ಹೊರಬೀಳುವ ಗಿರಾಕಿಗೂ ಅದೇ.

ಆದರೆ ವಯಸ್ಸಾದವರ ಬಗ್ಗೆ ಕೇಳುವಾಗ ‘ತ್ಸೋ ಲ’ ಬೇಡ. ‘ನಿಮ್ಮ ಅಜ್ಜ ತ್ಸೋ ಲ?’ ಎಂದರೆ ತೀರಿಕೊಂಡರೇ ಎಂದು ಕೇಳಿದಂತಾದೀತು. ಮನೆಗೆ ಮರಳಿದರೇ ಎಂದು ಕೇಳುವ ‘ಹ್ವೇಯ್ ಚ್ಯಾ ಲ ಮಾ?’ ಎಂಬುದನ್ನು ಬಳಸಿ.

ಹಂತ 9: ಕೈ ಪಳಗಲು

ವಾಕ್ಯವನ್ನು ಕನ್ನಡದಲ್ಲೇ ಯೋಚಿಸಿ, ನಂತರ ಕೇಳಿಕೊಳ್ಳಿ: ಇಲ್ಲಿ ಊರು ಇದೆಯೋ, ದಾರಿ ಇದೆಯೋ, ಬರೀ ಹೊರಡುವುದೋ? ಕೆಳಗಿನವುಗಳ ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ಪ್ರಯತ್ನಿಸಿ.

ಅವನು ಶಾಂಘೈಗೆ ಹೋದ. ಊರು ಇದೆ, ಆದ್ದರಿಂದ ‘ಥಾ ಛ್ಯು ಷಾಂಗ್‌ಹಾಯ್ ಲ’.

ಅವನು ಹೊರಟುಹೋದ. ‘ಥಾ ತ್ಸೋ ಲ’.

ಅವನು ಶಾಂಘೈ ಬಿಟ್ಟ. ‘ಥಾ ಲೀಖಾಯ್ ಷಾಂಗ್‌ಹಾಯ್ ಲ’.

ಅವನು ಕೆಲಸಕ್ಕೆ ನಡೆದುಕೊಂಡು ಹೋಗುತ್ತಾನೆ. ‘ಥಾ ತ್ಸೋಲು ಛ್ಯು ಷಾಂಗ್‌ಪಾನ್’. ಬಗೆ ಮೊದಲು, ಗುರಿ ನಂತರ.

ನೇರ ಮುಂದಕ್ಕೆ ಹೋಗಿ. ‘ವಾಂಗ್ ಛಿಯೆನ್ ತ್ಸೋ’. ಊರಿಲ್ಲ, ದಿಕ್ಕು ಮಾತ್ರ.

ನನ್ನ ಕೊಡೆಯನ್ನು ಯಾರು ತೆಗೆದುಕೊಂಡು ಹೋದರು? ‘ಷೇಯ್ ಪಾ ವೊ ತ ಸಾನ್ ನಾತ್ಸೋ ಲ?’ ಇಲ್ಲಿನ ‘ಪಾ’ ಕರ್ಮವನ್ನು ಕ್ರಿಯಾಪದದ ಮುಂಚೆ ತಂದು ಕೂರಿಸುತ್ತದೆ. ಯಾರು, ನನ್ನ ಕೊಡೆ, ತೆಗೆದುಕೊಂಡು, ಹೋದರು: ‘ಪಾ’ ಒಂದನ್ನು ಬಿಟ್ಟರೆ ಮೊದಲಿನಿಂದ ಕೊನೆಯವರೆಗೆ ಎಲ್ಲ ಪದಗಳೂ ಹೆಚ್ಚು ಕಡಿಮೆ ಕನ್ನಡದ ಸಾಲಿನಲ್ಲೇ ನಿಂತಿವೆ. ಇಂಥ ವಾಕ್ಯಗಳನ್ನು ಹತ್ತಿಪ್ಪತ್ತು ಬರೆದುಕೊಂಡು ಚೀನೀ ಬಲ್ಲವರಿಗೆ ತೋರಿಸಿ, ಕೊಡೆಯ ಜಾಗದಲ್ಲಿ ಪುಸ್ತಕ, ಕೀಲಿಕೈ, ಸೈಕಲ್ ಇಟ್ಟು ಬದಲಾಯಿಸುತ್ತ ಹೋಗಿ. ಸೈಕಲ್ ಬಂದಾಗ ‘ನಾತ್ಸೋ’ ಬೇಡ, ‘ನಾ’ ಕೈಯಲ್ಲಿ ಹಿಡಿಯುವುದು. ಕದ್ದವನು ಅದನ್ನು ತುಳಿದುಕೊಂಡು ಹೋಗಿರುತ್ತಾನೆ, ಅದಕ್ಕೆ ‘ಛೀತ್ಸೋ’.